ಬೊಂಬೆ ನೋಡಲು ಬಂದ ರಿಕವರಿ ಏಜೆಂಟು

ಕಾಲಿಂಗ್ ಬೆಲ್ ಆಯಿತು. ನಮ್ಮ ಯಜಮಾನರು ಬಾಗಿಲ ಕಿಂಡಿಯಲ್ಲಿ ಇಣುಕಿದರು. ನೆಟ್ಟಗೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು, ನಲ್ಲಿ ತಿರುಗಿಸಿದರು.

ಲಾರಿ ನೀರಿಗೆ ದುಡ್ಡು ಸುರಿಯುತ್ತಿದ್ದ ಕಾಲದಲ್ಲಿ ಸುಮ್ಮನೆ ನಲ್ಲಿ ಬಿಡುತ್ತಾರೆ ಅಂದರೆ, ಬಂದಿರುವುದು ಕ್ರೆಡಿಟ್ ಕಾರ್ಡಿನವರೇ ಸರಿ.

ನಾವು ಚೆನ್ನೈಯ ವೇಲಚೇರಿಯಲ್ಲಿ ಬಾಡಿಗೆಗಿದ್ದಾಗಿನ ಮಾತು, ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಆಗ ಸಿಗ್ನಲ್ಲಿನಲ್ಲಿ ನಿಂತರೂ ಯಾರಾದರೂ ಬಂದು ಕಾರ್ಡು ಬೇಕಾ ಅಂತ ಕೇಳುತ್ತಿದ್ದರು. ನಮ್ಮವರು ದಾಕ್ಷಿಣ್ಯದ ಮನುಷ್ಯ, ಬೇಡ ಅನ್ನಲಿಲ್ಲ.

ಕ್ರಿಕೆಟ್ ನೋಡಲು ಹೋಂ ಥಿಯೇಟರ್ ಬಂತು. ಆಮೇಲೆ ಬಿಲ್ಲು ಬಂತು. ಬಿಲ್ಲಿಗೆ ಬಡ್ಡಿ, ಬಡ್ಡಿಗೆ ಲೇಟ್ ಫೀ... ಕಡೆಗೆ ಸೆಲ್ವಂ ಅನ್ನುವ ರಿಕವರಿ ಏಜೆಂಟರ ಫೋನು ಬಂತು. ಮನೆಗೇ ಬಂದು ಇಡೀ ಅಪಾರ್ಟ್‌ಮೆಂಟಿಗೆ ಕೇಳುವ ಹಾಗೆ ಕೂಗುತ್ತೇನೆ ಅಂತ ಹಿಂದಿನ ವಾರವೇ ಹೇಳಿದ್ದರು.

ಕೂಗಲಿ ಬಿಡಿ. ಅಕ್ಕಪಕ್ಕದವರು ಏನಂದುಕೊಂಡರೂ ತಡೆದುಕೊಳ್ಳುತ್ತಿದ್ದೆ. ನಾನು ಹೆದರಿದ್ದು ಒಳಗಿದ್ದ ಅಮ್ಮನನ್ನು ನೆನೆದು.

ನಮ್ಮವರು ನಾನೇ ಮೆಚ್ಚಿ, ಹಟ ಹಿಡಿದು ಮದುವೆಯಾದ ಗಂಡು. ಅಮ್ಮ ಬೇಡವೆಂದಿದ್ದಳು. ಅಕ್ಕನ ಗಂಡ ಅಷ್ಟು ಹೊತ್ತಿಗೆ ಮೈಸೂರಿನಲ್ಲಿ ಸ್ವಂತ ಮನೆ ಕಟ್ಟಿಸಿ ಗೃಹಪ್ರವೇಶವನ್ನೂ ಮುಗಿಸಿದ್ದರು.

ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದಿದ್ದಳು. ನವರಾತ್ರಿಗೆ ತಾನೇ ನಿಂತು ಬೊಂಬೆ ಕೂರಿಸಿ, "ಪರ್ವಾಗಿಲ್ಲ ಕಣೇ, ಚೆನ್ನಾಗೇ ಇಟ್ಕೊಂಡಿದಾನೆ ನಿನ್ನ" ಅಂತ ಹಿಂದಿನ ದಿನವಷ್ಟೇ ಒಪ್ಪಿಕೊಂಡಿದ್ದಳು. ಆ ಒಂದು ಮಾತಿಗೆ ನಾನು ಎಷ್ಟು ವರ್ಷ ಕಾದಿದ್ದೆನೋ!

ನಾನು ಓಡಿ ಹೋಗುವಷ್ಟರಲ್ಲಿ ಅಮ್ಮ ಬಾಗಿಲು ತೆಗೆದೇಬಿಟ್ಟಳು. ಎದುರಿಗೆ ದಪ್ಪ ಮೀಸೆ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಹೆಲ್ಮೆಟ್ಟು. ಗಂಟಲು ಸರಿಮಾಡಿಕೊಳ್ಳುತ್ತಾ ನಿಂತಿದ್ದರು ಸೆಲ್ವಂ.

"ಬನ್ನಿ ಬನ್ನಿ! ಬೊಂಬೆ ನೋಡೋಕ್ ಬಂದ್ರಾ? ಶೂ ಅಲ್ಲೇ ಬಿಡಿ" ಅಂದಳು ಅಮ್ಮ. ಆಕೆಗೆ ತಮಿಳು ಒಂದಕ್ಷರ ಬಾರದು.

ಸೆಲ್ವಂ ಒಳಗೆ ಕಣ್ಣಾಡಿಸಿದರು. ದೀಪ, ಸಾಲು ಸಾಲು ಬೊಂಬೆ, ಚಾಪೆಯ ಮೇಲೆ ಎದುರು ಮನೆ ಮಾಮಿ ಮತ್ತವರ ಗೆಳತಿಯರು. ಚೆನ್ನೈಯಲ್ಲಿ ಹುಟ್ಟಿ ಬೆಳೆದ ಮನುಷ್ಯ, ನವರಾತ್ರಿ ಬೊಂಬೆ ಇಟ್ಟ ಮನೆಯ ಹೊಸ್ತಿಲಲ್ಲಿ ನಿಂತು ಹೇಗೆ ತಾನೇ ಬೈದಾರು? ಬಗ್ಗಿ ಶೂ ಬಿಚ್ಚಿದರು.

ಕೂತವರನ್ನು ಅಮ್ಮ ಸುಮ್ಮನೆ ಬಿಡಲಿಲ್ಲ. ಬೊಂಬೆ ನೋಡಲು ಬಂದವರು ಹಾಡಲೇಬೇಕು ಅನ್ನುವ ಇಲ್ಲಿನ ಪದ್ಧತಿಯನ್ನು ಮಾಮಿಯ ಮನೆಯಲ್ಲಿ ಕಲಿತು ಬಂದಿದ್ದಳು. ಅಲ್ಲಿ ತನ್ನಿಂದ ಹಾಡಿಸಿದ್ದಕ್ಕೆ ಯಾರ ಮೇಲಾದರೂ ಸೇಡು ತೀರಿಸಿಕೊಳ್ಳಬೇಕಿತ್ತಲ್ಲ...

"ಹಾಡಿ, ನಾಚ್ಕೋಬೇಡಿ!" ಮಾಮಿಯೂ "ಪಾಡುಂಗೋ, ಪಾಡುಂಗೋ" ಅಂತ ಸೇರಿಕೊಂಡರು.

ಸೆಲ್ವಂ ನನ್ನ ಮುಖ ನೋಡಿದರು. ನಾನು ಬೊಂಬೆಗಳ ಮುಖ ನೋಡಿದೆ.

ಮನುಷ್ಯ ಕಣ್ಣು ಮುಚ್ಚಿ ಮುರುಗನ ಮೇಲೊಂದು ಹಾಡು ಎತ್ತಿಕೊಂಡೇಬಿಟ್ಟರು! ಶ್ರುತಿ ಒಂದು ಕಡೆ, ತಾಳ ಒಂದು ಕಡೆ. ನಮ್ಮ ಮಾನ ಕಳೆಯಲು ಸಿದ್ಧಮಾಡಿಕೊಂಡು ಬಂದಿದ್ದ ಗಂಟಲೆಲ್ಲ ಮುರುಗನಿಗೆ ಅರ್ಪಣೆಯಾಯಿತು. ಮೇಲಿನ ಮಹಡಿಯ ಮಕ್ಕಳು ಇಳಿದು ಬಂದವು. ಬಾತ್‌ರೂಮಿನ ನಲ್ಲಿಯೂ ನಿಂತಿತು.

ಚಪ್ಪಾಳೆ, ಉಸಲಿ, ಕಾಫಿ ಎಲ್ಲ ಆಯಿತು. ಸೆಲ್ವಂ ಎದ್ದರು. ಸದ್ಯ ಬದುಕಿದೆ ಅಂದುಕೊಳ್ಳುತ್ತೇನೆ...

"ಎಲ್ಲಿ ಕೆಲ್ಸ ಅಂತ ಕೇಳೇ" ಅನ್ನುತ್ತಾಳೆ ಅಮ್ಮ.

ಕೇಳಿದೆ. ಸೆಲ್ವಂ ನನ್ನನ್ನೇ ನೋಡುತ್ತಾ ನಿಧಾನವಾಗಿ ಬ್ಯಾಂಕಿನ ಹೆಸರು ಹೇಳಿದರು. ಬ್ಯಾಂಕ್ ಅನ್ನುವುದು ಅರ್ಥವಾಗಲು ಅಮ್ಮನಿಗೆ ನಾನು ಬೇಕಿರಲಿಲ್ಲ, ಮುಖ ಅರಳಿಹೋಯಿತು.

"ಬ್ಯಾಂಕಾ! ಹಂಗಾದ್ರೆ ನಮ್ಮ ಅಳಿಯಂಗೊಂದು ಲೋನ್ ಕೊಡ್ಸಕ್ಕೆ ಹೇಳೇ. ದೊಡ್ಡಳಿಯನ ಥರ ಇವ್ನೂ ಒಂದು ಮನೆ ಮಾಡ್ಕೊಳ್ಲಿ."

ಲೋನ್ ಅನ್ನುವುದು ಸೆಲ್ವಂಗೂ ಅರ್ಥವಾಗಿತ್ತು. ಬಾತ್‌ರೂಮಿನ ಬಾಗಿಲ ಕಡೆ ಒಮ್ಮೆ ನೋಡಿ, ಅಮ್ಮನಿಗೆ ಕೈಮುಗಿದು, "ಕುಡುಕ್ಕಲಾಮ್ಮಾ... ಮೊದಲ್ಲ ಪಳೈಯ ಕಣಕ್ಕು ಮುಡಿಯಟ್ಟುಂ" ಅಂದರು. ಕೊಡೋಣಮ್ಮಾ, ಮೊದಲು ಹಳೆಯ ಲೆಕ್ಕ ಮುಗಿಯಲಿ ಅಂತ.

"ಏನಂತೆ?"

"ಹಬ್ಬ ಮುಗೀಲಿ ಅಂತಿದಾರೆ."

ಮಾಮಿಗೆ ಪೂರ್ತಿ ವಿಷಯ ತಿಳಿದುಹೋಯಿತು, ಬಾಯಿತುಂಬ ಉಸಲಿ ಹಾಕಿಕೊಂಡು ಫ್ಯಾನ್ ನೋಡುತ್ತಾ ಕೂತರು. ಪುಣ್ಯಕ್ಕೆ ಅಮ್ಮನಿಗೆ ಹೇಳಿಬಿಡಲು ಅವರಿಗೆ ಕನ್ನಡ ಬರುತ್ತಿರಲಿಲ್ಲ. ದೇವಿಗೆ ನಾನು ಮನಸಾರೆ ಕೈಮುಗಿದದ್ದು ಆಗಲೇ.

ಅಮ್ಮ ತಾಂಬೂಲದ ಜೊತೆ, ನನಗೆಂದು ತಂದಿದ್ದ ರವಿಕೆ ಕಣವನ್ನು "ಮನೆಯವ್ರಿಗೆ ಕೊಡಿ" ಅಂತ ಸೆಲ್ವಂ ಕೈಗಿಟ್ಟಳು. ಬೇಡ ಅನ್ನಲು ಅವರಿಗೂ ಆಗಲಿಲ್ಲ.

ಅಮ್ಮ ಮೈಸೂರಿನ ರೈಲು ಹತ್ತಿದ ಮೇಲೆ ಸೆಲ್ವಂ ಮತ್ತೆ ಬಂದರು. ಅಷ್ಟರಲ್ಲಿ ಅಪಾರ್ಟ್‌ಮೆಂಟಿಗೆಲ್ಲ ಅವರು ಮುರುಗನ ಹಾಡಿನ ಸಾರ್ ಆಗಿಬಿಟ್ಟಿದ್ದರು. ಕೂಗಿದರೆ ಮಕ್ಕಳು ಬಂದು ಮೆಟ್ಟಿಲ ಮೇಲೆ ಕೂರುವ ಪರಿಸ್ಥಿತಿ. ಪಾಪ, ಪಿಸುಮಾತಿನಲ್ಲಿ ಬಾಕಿ ಹಣ ಕೇಳಿದರು.

ಅವರು ಫೋನಿನಲ್ಲಿ ಬೈದಾಗ ಆಗದಷ್ಟು ನಾಚಿಕೆ ಆ ಪಿಸುಮಾತಿಗೆ ಆಯಿತು ನೋಡಿ. ಆ ವಾರವೇ ಹೋಂ ಥಿಯೇಟರ್ ಮಾರಿಸಿದೆ. ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಊದಿಸಿಕೊಳ್ಳಲಿ. ಉಳಿದದ್ದನ್ನು ಕಂತು ಕಂತಾಗಿ ಕಟ್ಟಿ ಮುಗಿಸುವಷ್ಟರಲ್ಲಿ ಮುಂದಿನ ನವರಾತ್ರಿ ಬಂದಿತ್ತು.

ಅಮ್ಮನಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಪ್ರತಿ ದಸರಾಕ್ಕೂ ಫೋನ್ ಮಾಡಿ ಕೇಳುತ್ತಾಳೆ: "ಆ ಹಾಡೋರು ಈ ಸಲನೂ ಬರ್ಲಿಲ್ವಾ? ಅಂಥ ಒಳ್ಳೆ ಸ್ನೇಹಿತ್ರನ್ನ ಬಿಟ್ಬಿಟ್ರಲ್ಲೇ..."

ಅವರು ಬರುತ್ತಿಲ್ಲ ಅಂದರೇನೇ ನಿನ್ನ ಅಳಿಯ ನನ್ನನ್ನು ಚೆನ್ನಾಗಿ ಇಟ್ಟುಕೊಂಡಿದ್ದಾನೆ ಅಂತ ಅರ್ಥ ಕಣಮ್ಮಾ ಅಂತ ಆಕೆಗೆ ಹೇಗೆ ಹೇಳಲಿ, ನೀವೇ ಹೇಳಿ?