ಶಾಂತವಾದ ಸೋಡಿಯಂ

ರಸಾಯನಶಾಸ್ತ್ರ ಬಲು ಸಾಧು ವಿದ್ಯೆ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಲೋಹಕ್ಕೂ ಇಂಗಾಲಕ್ಕೂ ಬೆಸುಗೆ ಹಾಕಿ ವೇಗವರ್ಧಕ ತಯಾರಿಸುವುದು ನನ್ನ ಕಸುಬು. ನಾವು ಬಳಸುವ ಸರಕು ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ, ನೀರು ತಾಗಿದರೆ ಸಿಡಿಯುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ಜೆ.ಪಿ. ನಗರದ ಸಣ್ಣ ಕಂಪನಿಯೊಂದರ ಲ್ಯಾಬಿನಲ್ಲಿದ್ದೆ. ನಮ್ಮ ಮುಖ್ಯಸ್ಥರು ಜಯನಗರದ ಹಳಬರು, ವಿದ್ವಾಂಸರು, ಮೂಗಿನ ತುದಿಯಲ್ಲೇ ಕೋಪ. ಪ್ರಯೋಗ ಕೆಟ್ಟರೆ ಫ್ಲಾಸ್ಕನ್ನು ಗೋಡೆಗೆ ಅಪ್ಪಳಿಸುತ್ತಿದ್ದರು. ನಾನೂ ಸುಮ್ಮನಿರುವವನಲ್ಲ, ಅಷ್ಟೇ ಜೋರಾಗಿ ಕೂಗುತ್ತಿದ್ದೆ. ಈ ಇಬ್ಬರು ಜಗಳಗಂಟರ ನಡುವೆ ಇದ್ದವಳು ಧಾರವಾಡದಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿದ್ದ ನನ್ನ ಸಹೋದ್ಯೋಗಿ. ದ್ರಾವಣದ ಬಣ್ಣ ನೋಡಿಯೇ ಕ್ರಿಯೆ ಮುಗಿಯಿತೋ ಇಲ್ಲವೋ ಹೇಳುತ್ತಿದ್ದಳು. ತನ್ನ ಡಿಗ್ರಿಯೆಲ್ಲ ಕಣ್ಣಲ್ಲೇ ಇದೆ ಎಂದು ನಗುತ್ತಿದ್ದಳು.

ದ್ರಾವಕದ ತೇವ ತೆಗೆಯಲು ಅದನ್ನು ಸೋಡಿಯಂ ಜೊತೆ ಕುದಿಸುತ್ತೇವೆ. ಕೊನೆಗೆ ತಳದಲ್ಲಿ ಉಳಿದ ಸೋಡಿಯಂಗೆ ಆಲ್ಕೋಹಾಲ್ ಹನಿಸಿ ನಿಧಾನವಾಗಿ ಕೊಲ್ಲಬೇಕು. ಕೊಲ್ಲುವುದು ಎಂಬುದೇ ನಮ್ಮ ಲ್ಯಾಬಿನ ಮಾತು. 'ಸತ್ತಿದೆ' ಎಂದು ಹೇಳಿದ ಮೇಲಷ್ಟೇ ಫ್ಲಾಸ್ಕಿಗೆ ನೀರು.

ಅವತ್ತು ಆಯುಧಪೂಜೆ. ಯಂತ್ರಗಳಿಗೆಲ್ಲ ಅರಿಶಿನ ಕುಂಕುಮ, ಬಾಗಿಲಿಗೆ ಮಾವಿನೆಲೆ. ನಮ್ಮ ರಕ್ಷಣಾ ಕನ್ನಡಕಗಳೂ ಆಯುಧಗಳೇ ಎಂದು ಮುಖ್ಯಸ್ಥರು ಅವನ್ನೂ ಪೂಜೆಗಿಡಿಸಿದ್ದರು. ಮೂಲೆಯಲ್ಲಿದ್ದ ಹಳೇ ಫ್ಲಾಸ್ಕೊಂದನ್ನು ತೊಳೆದರೆ ಪೂಜೆ ಶುರು ಮಾಡಬಹುದಿತ್ತು. ಅದರ ತಳದ ಸೋಡಿಯಂ ಸತ್ತಿದೆಯೇ ಎಂದು ಅವಳು ಕೇಳಿದಳು. ಮುಖ್ಯಸ್ಥರು ಮುಖ ಗಂಟು ಹಾಕಿದರು.

"ಹಬ್ಬದ ದಿನ ಅದೇನಮ್ಮ ಮಾತು? ಶಾಂತವಾಗಿದೆ."

ಗುಳ್ಳೆ ಏಳುವುದು ನಿಂತಿದೆ ಎಂಬುದಷ್ಟೇ ಅವರ ಅರ್ಥ. ಬಿಳಿ ಪೊರೆ ಕಟ್ಟಿದರೆ ಗುಳ್ಳೆ ನಿಲ್ಲುತ್ತದೆ, ಒಳಗಿನ ಲೋಹ ಜೀವಂತವಾಗಿಯೇ ಇರುತ್ತದೆ. ಆದರೆ ಧಾರವಾಡದ ಅವಳ ಮನೆಯಲ್ಲಿ ದೀಪ ಆರಿತು ಎನ್ನುತ್ತಿರಲಿಲ್ಲ, ಶಾಂತವಾಯಿತು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ದೀಪ ದೊಡ್ಡದು ಮಾಡುವುದು ಎನ್ನುತ್ತೇವೆ. ಅವಳ ಕಿವಿಗೆ ಬಿದ್ದದ್ದು 'ಸತ್ತಿದೆ' ಎಂಬ ಮಾತೇ. ಸೀರೆ ಸೆರಗು ಸಿಕ್ಕಿಸಿಕೊಂಡು ಫ್ಲಾಸ್ಕನ್ನು ನಲ್ಲಿಯ ಕೆಳಗೆ ಹಿಡಿದಳು.

ನಾನು ಬಾಗಿಲಲ್ಲಿದ್ದೆ. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಗಾಜಿನ ಚೂರುಗಳು ಗೋಡೆಗೆ ನೆಟ್ಟುಕೊಂಡವು. ಬೆಂಕಿ ಸೀಲಿಂಗ್ ತಲುಪಿತು. ಮುಖ್ಯಸ್ಥರು ಗಾಬರಿಯಲ್ಲಿ ಪೂಜೆಯ ನೀರಿನ ಬಿಂದಿಗೆ ಎತ್ತಿಕೊಂಡು ಓಡಿ ಬಂದರು. ಸೋಡಿಯಂ ಬೆಂಕಿಗೆ ನೀರು! ಅವರ ಎದೆಗೆ ಗುದ್ದಿ ಬಿಂದಿಗೆ ಕಿತ್ತುಕೊಂಡು, ಮರಳು ಸುರಿಯಿರಿ ಎಂದು ಬೈದೆ.

ಬೆಂಕಿಗೆ ಸಲ್ಲದ ನೀರು ಅವಳ ಕಣ್ಣಿಗೆ ಬೇಕಿತ್ತು. ಮುಖವೆಲ್ಲ ಸುಡುವ ಕ್ಷಾರ. ಮೆಟ್ಟಿಲ ಬಳಿ ಎಳೆದೊಯ್ದು ಮಂಡಿಯಿಂದ ಅವಳ ಭುಜ ಒತ್ತಿ ಹಿಡಿದೆ. ಬೆರಳು ಹಾಕಿ ರೆಪ್ಪೆ ಬಿಡಿಸಿ ಅದೇ ಬಿಂದಿಗೆಯ ನೀರು ಸುರಿದೆ. ಅವಳು ಚೀರುತ್ತಾ ನನ್ನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದಳು. ನಾನು ಬಿಡಲಿಲ್ಲ. ಬಲಗಣ್ಣು ಉಳಿದದ್ದು ಅದರಿಂದ ಎಂದು ಆಮೇಲೆ ಡಾಕ್ಟರು ಹೇಳಿದರು. ಎಡಗಣ್ಣಿನ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಮುಖ್ಯಸ್ಥರು, "ಆ ಹುಡುಗಿಗೆ ಸರಿಯಾಗಿ ಕನ್ನಡವೇ ಬರಲ್ಲ," ಎಂದರು. ಅವರ ಕಾಲರ್ ಹಿಡಿದು ಗೋಡೆಗೆ ಒತ್ತಿದೆ. ವಾರ್ಡ್ ಬಾಯ್‌ಗಳು ಬಿಡಿಸದಿದ್ದರೆ ಏನು ಮಾಡುತ್ತಿದ್ದೆನೋ. ಕೆಲಸ ಅಲ್ಲಿಗೇ ಹೋಯಿತು. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಕೆಲವು ವಾರಗಳ ನಂತರ ಅವಳ ಜೊತೆ ಡಾಕ್ಟರ ಬಳಿ ಹೋದೆ. ಅವರು ಟಾರ್ಚ್ ಬಿಟ್ಟು ನೋಡಿ, ಊತ ಇಳಿದಿದೆ, ಎಡಗಣ್ಣು ಈಗ ಶಾಂತವಾಗಿದೆ ಎಂದರು.

ಅವಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಯಾವ ಶಾಂತರೀ ಸರ? ಬಿಡಿಸಿ ಹೇಳ್ರಿ."

ಡಾಕ್ಟರು ಮತ್ತೆ ಟಾರ್ಚ್ ಬಿಟ್ಟರು, ಎಡಗಣ್ಣು ಬೆಳಕಿಗೆ ಅಲುಗಲೇ ಇಲ್ಲ. ಅವಳು ಬಲಗಣ್ಣಿಂದ ನನ್ನನ್ನೇ ನೋಡುತ್ತಿದ್ದಳು. ಮತ್ತೊಮ್ಮೆ ಅವಳಿಗೆ ಆ ಮಾತಿನಿಂದ ಮೋಸವಾಗಲು ನಾನು ಬಿಡುವಂತಿರಲಿಲ್ಲ.

"ಸತ್ತಿದೆ," ಎಂದೆ.