ಅಕ್ಕನ ಕಾಲಡಿಯ ಬ್ರೇಕ್

ನಮ್ಮಕ್ಕ ಡ್ರೈವಿಂಗ್ ಸ್ಕೂಲಿನ ಮೇಡಂ ಆಗಿದ್ದವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಅರ್ಧ ಆಯಸ್ಸು ಕಳೆದಳು. ನನ್ನ ಸ್ಕೂಟರಿನ ಹಿಂದೆ ಕೂತರೂ ಅವಳ ಬಲಗಾಲು ಸುಮ್ಮನಿರುವುದಿಲ್ಲ, ಗಾಳಿಯಲ್ಲೇ ಬ್ರೇಕ್ ಒತ್ತುತ್ತದೆ. ಇಂಥವಳು ನಲವತ್ತು ದಾಟಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ, "ನಾನು ದೇವಶಾಸ್ತ್ರ ಓದಕ್ಕೆ ಸೇರ್ಕೊಂಡೆ. ಚರ್ಚಿನ ಹುಡುಗ್ರ ಜೊತೆ, ಸುತ್ತಮುತ್ತಲ ಜನರ ಜೊತೆ ಸೇವೆ ಮಾಡ್ಬೇಕು," ಅಂದಳು. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನನ್ನ ನಾಲಿಗೆ ನಿಲ್ಲಬೇಕಲ್ಲ, "ದೇವರಿಗೂ ಲೈಸೆನ್ಸ್ ಕೊಡಿಸ್ತೀಯಾ?" ಅಂತ ಕೇಳಿಯೇಬಿಟ್ಟೆ.

ನನಗೆ ಚರ್ಚು ಅಷ್ಟಕ್ಕಷ್ಟೇ. ಕುತೂಹಲಕ್ಕೆ ಮಾತ್ರ ಬರವಿಲ್ಲ. ಆ ಕಾಲೇಜಿನಲ್ಲಿ ಅದೇನು ಹೇಳಿಕೊಡುತ್ತಾರೆ? ದೇವರ ವಿಷಯದಲ್ಲಿ ಫೇಲಾಗುವುದು ಹೇಗೆ? ಸಂಜೆ ಅವಳು ಬಾಗಿಲು ದಾಟಿದ ಕೂಡಲೇ ಕೆದಕುತ್ತಿದ್ದೆ. ಅವಳಿಗೂ ಹೇಳುವ ಚಪಲ. ಯೇಸುವಿನ ಬದುಕನ್ನು ನಾಲ್ಕು ಜನ ಬರೆದಿದ್ದಾರಲ್ಲ, ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಪೂರ್ತಿ ಯಾಕೆ ಹೊಂದುವುದಿಲ್ಲ ಅಂತ ಕೇಳಿದರೆ, "ಒಂದೇ ಆಕ್ಸಿಡೆಂಟ್ ನೋಡಿದ ನಾಲ್ಕು ಜನರನ್ನ ವಿಚಾರಿಸು, ಗೊತ್ತಾಗುತ್ತೆ," ಅನ್ನುತ್ತಿದ್ದಳು. ಆ ನಾಲ್ವರೂ ಬರೆದದ್ದು ಗ್ರೀಕಿನಲ್ಲಂತೆ, ಅದರ ಅಕ್ಷರಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು. ಹಾಲು ತೆಗೆಯಲು ಹೋಗಿ ಬಂದು ಅಮ್ಮನಿಗೂ ಅರ್ಧ ಬಾಯಿಪಾಠವಾಯಿತು. ಕ್ಲಾಸಿನಲ್ಲಿ ಎಲ್ಲರೂ ಇವಳ ಅರ್ಧ ವಯಸ್ಸಿನವರು. ಆದರೆ ಪ್ರಶ್ನೆ ಕೇಳಿ ಕೇಳಿ ಮೇಷ್ಟರ ತಲೆ ತಿನ್ನುತ್ತಿದ್ದವಳು ಇವಳೊಬ್ಬಳೇ ಅಂತೆ.

ಓದಿನ ಜೊತೆ ಕೆಲಸವನ್ನೂ ಕಲಿಯಬೇಕು. ಅದಕ್ಕಾಗಿ ಒಂದು ಚರ್ಚಿನಲ್ಲಿ ಶುಕ್ರವಾರ ಸೇರುವ ಯುವಜನರ ಕೂಟ ಇವಳ ಪಾಲಿಗೆ ಬಂತು. ಅಲ್ಲಿನ ಪಾದ್ರಿಗಳು ವರ್ಷದ ಕೊನೆಗೆ 'ಈಕೆ ಈ ಸೇವೆಗೆ ಆಗಬಹುದು' ಅಂದರೆ ಉಂಟು, ಇಲ್ಲದಿದ್ದರೆ ವಾಪಸ್ ಡ್ರೈವಿಂಗ್ ಸ್ಕೂಲು.

ಒಂದು ಶುಕ್ರವಾರ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು. ಕೂಟಕ್ಕೆ ಲಾಂಡ್ರಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬರುತ್ತಿದ್ದಳು. ಯಾವತ್ತೂ ಮಾತಾಡದವಳು ಅಂದು ಎದ್ದು ಕೇಳಿದ್ದಳು: "ನಮ್ಮಣ್ಣ ಆಸ್ಪತ್ರೇಲಿದ್ದಾಗ ಮನೆಮಂದಿಯೆಲ್ಲ ಪ್ರಾರ್ಥನೆ ಮಾಡಿದ್ವಿ. ಅವನು ಉಳೀಲಿಲ್ಲ. ಯಾರಿಗೂ ಕೇಳಿಸ್ಲೇ ಇಲ್ವಾ ಮೇಡಂ?"

"ನೀನೇನಂದೆ?" ಅಂದೆ.

"ಬನ್ನಿ, ಎಲ್ರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋಣ ಅಂದೆ. ಆಮೆನ್ ಅಂದು ಕಣ್ಣು ಬಿಟ್ರೆ ಅವಳ ಕುರ್ಚಿ ಖಾಲಿ."

ಪಾದ್ರಿಗಳು ಹಿಂದಿನ ಸಾಲಿನಲ್ಲೇ ಇದ್ದರು. ಬೈಯಲಿಲ್ಲವಂತೆ. "ಉತ್ತರ ಗೊತ್ತಿಲ್ದಾಗ ನಾವೆಲ್ಲ ಮಾಡೋದೇ ಇದು. ಇನ್ನು ಮುಂದೆ ಏನ್ಮಾಡ್ತೀರೋ ನೋಡೋಣ," ಅಂದರಂತೆ.

"ನಾನು ಇದಕ್ಕೆ ಲಾಯಕ್ಕಿಲ್ಲ ಕಣೇ," ಅಂದಳು ಅಕ್ಕ.

"ಅದೇನಿಲ್ಲ. ಎದುರಿಗೆ ದಿಢೀರ್ ಅಂತ ಏನೋ ಬಂತು, ನೀನು ಬ್ರೇಕ್ ಒತ್ತಿದೆ. ನಿಂಗಿನ್ನೇನು ಗೊತ್ತು?" ಅಂದೆ. ನಗಿಸಲಿಕ್ಕೆ ಅಂದದ್ದು. ಅವಳು ನಗಲಿಲ್ಲ. ಮುಖ ಸಣ್ಣದಾದದ್ದು ನೋಡಿ ನಾನೇ ಎದ್ದು ಅವಳಿಗೆ ಊಟ ಬಡಿಸಿದೆ.

ಮರುದಿನ ಆ ಹುಡುಗಿಯನ್ನು ನೋಡಬೇಕು ಅಂದಳು ಅಕ್ಕ. ನನ್ನ ಸ್ಕೂಟರಿನಲ್ಲೇ ಲಾಂಡ್ರಿಗೆ ಹೋದೆವು. ಏನು ಹೇಳುತ್ತಾಳೋ ಅನ್ನುವ ಕುತೂಹಲಕ್ಕೆ ನಾನೂ ಒಳಗೆ ಹೋದೆ. ಇಸ್ತ್ರಿಯ ಹಬೆ, ಸೋಪಿನ ವಾಸನೆ, ಸೊಂಟದೆತ್ತರಕ್ಕೆ ಹೋಟೆಲಿನ ಬೆಡ್‌ಶೀಟುಗಳು. ಹುಡುಗಿ ಒಂದು ದೊಡ್ಡ ಬೆಡ್‌ಶೀಟಿನ ಅಂಚನ್ನು ಗದ್ದಕ್ಕೆ ಒತ್ತಿಕೊಂಡು ಒಬ್ಬಳೇ ಮಡಿಸುತ್ತಿದ್ದಳು. ನಮ್ಮನ್ನು ಕಂಡು ಬಾಯಿ ತೆರೆದದ್ದೇ ಅಂಚು ಜಾರಿತು.

"ಇಲ್ಲೂ ಪ್ರಾರ್ಥನೆ ಮಾಡಕ್ಕೆ ಬಂದ್ರಾ?"

ಅಕ್ಕ ಬಗ್ಗಿ ಜಾರಿದ ತುದಿ ಎತ್ತಿಕೊಂಡಳು. "ಇಲ್ಲ. ನಿನ್ನೆ ನಂಗೆ ಉತ್ತರ ಗೊತ್ತಿರ್ಲಿಲ್ಲ. ಹೆದ್ರಿಕೊಂಡು ಕಣ್ಣು ಮುಚ್ಚಿದೆ."

"ಈಗ ಗೊತ್ತಾಯ್ತಾ?"

"ಇಲ್ಲಮ್ಮ. ನಿಮ್ಮಣ್ಣ ಹೇಗಿದ್ದ, ಹೇಳ್ತೀಯಾ?"

ಹುಡುಗಿ ತನ್ನ ಕಡೆಯ ತುದಿ ಹಿಡಿದು ಎಳೆದಳು. ಇಬ್ಬರೂ ಮಡಿಸಿದರು. ಮತ್ತೊಂದು. ಆಮೇಲೆ ತಾನಾಗಿಯೇ ಶುರುಮಾಡಿದಳು. ಅಣ್ಣ ಭಾರಿ ಪುಕ್ಕಲನಂತೆ, ಜಿರಲೆ ಕಂಡರೆ ಮಂಚ ಹತ್ತುತ್ತಿದ್ದನಂತೆ, ಇವಳೇ ಪೊರಕೆ ಹಿಡಿದು ಬರಬೇಕಿತ್ತಂತೆ. ಹೇಳುತ್ತಾ ನಕ್ಕಳು. ನಗುತ್ತಲೇ ಅತ್ತಳು. ನಾನು ಅಕ್ಕನ ಬಲಗಾಲನ್ನೇ ನೋಡುತ್ತಿದ್ದೆ. ಅದು ನೆಲದ ಮೇಲೆ ತೆಪ್ಪಗಿತ್ತು.

ಪಾದ್ರಿಗಳು ಕೊನೆಗೆ ಆಗಬಹುದು ಅಂದದ್ದು, ಅಕ್ಕ ಈಗ ಅದೇ ಕೂಟ ನಡೆಸುತ್ತಿರುವುದು ಎಲ್ಲ ಆಮೇಲಿನ ಮಾತು. ನನ್ನ ಲೆಕ್ಕದಲ್ಲಿ ಅವಳು ಪಾಸಾದದ್ದು ಅವತ್ತೇ, ಆ ಹಬೆಯಲ್ಲಿ.

ಹೊರಡುವಾಗ ಹುಡುಗಿ ಕರೆದಳು.

"ಮೇಡಂ, ಈಗ ಬೇಕಾದ್ರೆ ಪ್ರಾರ್ಥನೆ ಮಾಡಿ. ಕಣ್ಣು ಮಾತ್ರ ಮುಚ್ಬೇಡಿ."

ಅಕ್ಕ ಅವಳನ್ನೇ ನೋಡುತ್ತಾ ಪ್ರಾರ್ಥನೆ ಮಾಡಿದಳು. ಆಮೆನ್ ಅಂದಳು. ಹುಡುಗಿ ಅಲ್ಲೇ ಇದ್ದಳು.