ಹೊಕ್ಕುಳಿಗೆ ಬೇಡವೆಂದ ಭಂಡಾರ

ಗೆಳತಿಯರೇ, ಇವತ್ತು ನಾಗಣಸೂರಿನಲ್ಲಿ ಕುರಿ ಸಾಕುವವರ ಮನೆಯಲ್ಲಿ ಹೆರಿಗೆ ಮಾಡಿಸಿದೆ. ಹೆಣ್ಣು ಕೂಸು. ಈ ಮನೆಯಲ್ಲಿ ಹೋದ ವರ್ಷದ ಕೂಸು ಉಳಿದಿರಲಿಲ್ಲ.

ಕುದಿಸಿದ ಕತ್ತರಿಯಿಂದ ಹೊಕ್ಕುಳಬಳ್ಳಿ ಕತ್ತರಿಸುವಷ್ಟರಲ್ಲಿ ಅಜ್ಜಿ ಬೀರೋಬನ ಭಂಡಾರದ ಚೀಲ ಬಿಚ್ಚಿ, ಆ ಅರಿಸಿನ ಪುಡಿಯನ್ನು ಹೊಕ್ಕುಳಿಗೆ ಮೆತ್ತಲು ಬಂದರು. ನಾನು ಕೈ ಹಿಡಿದೆ.

“ದೇವರ ಭಂಡಾರ ಬ್ಯಾಡಂತೀಯೇನ? ನಮ್ಮ ಮನಿ ಕೂಸಿಗೆಲ್ಲಾ ಇದನ್ನ ಹಚ್ಚೀವಿ!”

“ಹೋದ ವರ್ಷದ ಕೂಸಿಗೂ ಹಚ್ಚಿದ್ರೇನ್ರಿ, ಆಯಿ?”

ಬಾಣಂತಿ ಗೋಡೆಯ ಕಡೆ ಮುಖ ಮಾಡಿ ಹೇಳಿದಳು: “ಹಚ್ಚಿದ್ವಿರಿ. ಏಳನೇ ದಿನಕ್ಕ ಸೆಟದು ಹೋತ್ರಿ.”

ಹಸಿ ಹೊಕ್ಕುಳಿನ ಮೂಲಕ ತಗಲುವ ಧನುರ್ವಾಯುವಿನ ಪಾಠವನ್ನು ಸೊಲ್ಲಾಪುರದ ನರ್ಸ್ ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೇನೆ. ಅಜ್ಜಿಯ ಮುಖ ನೋಡಿ ಅದನ್ನು ಒಪ್ಪಿಸಲು ಮನಸ್ಸಾಗಲಿಲ್ಲ. ನೀವೇ ಕೊಂದಿರಿ ಎಂದಂತಾಗುತ್ತಿತ್ತು.

“ಆಯಿ, ಗುಡಿಗೆ ಹೋದ್ರ ಭಂಡಾರ ಎಲ್ಲಿ ಹಚ್ಕೋತೀರಿ?”

“ಹಣಿಗೆ.”

“ಹಂಗಾದ್ರ ಕೂಸಿಗೂ ಹಣಿಗೇ ಹಚ್ರಿ. ನನಗೂ ಹಚ್ರಿ. ಹೊಕ್ಕಳ ಒಣಗಿ ಬೀಳೂತನಕ ಅದಕ್ಕ ಏನೂ ಮುಟ್ಟಸಬ್ಯಾಡ್ರಿ.”

ಅಜ್ಜಿ ಬೆರಳಿನಿಂದ ಮೊದಲು ಕೂಸಿಗೆ, ಆಮೇಲೆ ನನಗೆ ಹಚ್ಚಿದರು.

ಅಕ್ಕಲಕೋಟೆಯಲ್ಲಿ ಟಾಂಗಾ ಇಳಿದು ನಮ್ಮ ದವಾಖಾನೆಗೆ ಕಾಲಿಟ್ಟೆ. ಡಾಕ್ಟರ್ ಸಾಹೇಬರು ನನ್ನ ಹಳದಿ ಹಣೆ ನೋಡಿ ನಕ್ಕರು: “ಕಾಯ್ ಸಿಸ್ಟರ್, ಇಷ್ಟು ಸಾಲಿ ಕಲ್ತು ನೀವೂ ಹಿಂಗ?”

ಅವರಿಗೆ ಕಂಡದ್ದು ನನ್ನ ಹಣೆ. ಕೂಸಿನ ಬರಿಯ ಹೊಕ್ಕುಳು ಕಾಣಬೇಕಾದರೆ ನಾಗಣಸೂರಿಗೆ ಹೋಗಬೇಕು. ಸಾಹೇಬರು ಆ ಊರನ್ನು ಇನ್ನೂ ಗೋಡೆಯ ನಕಾಶೆಯಲ್ಲಷ್ಟೇ ನೋಡಿದ್ದಾರೆ.